ಬಿಸಿಗಾಳಿ, ಕುಗ್ಗುಹಾಳಿ ಮತ್ತು ಬೀಗತಿಯರ ಬುಟ್ಟಿ

ಬುಟ್ಟಿ ಕಟ್ಟುವ ಕೆಲಸದಿಂದ ನಿವೃತ್ತಳಾದೆ ಎಂದರೆ ನಮ್ಮ ಓಣಿಯಲ್ಲಿ ನಗುತ್ತಾರೆ. ನಿವೃತ್ತಿ ಎಂಬುದು ಮಾಸ್ತರರಿಗೆ, ಬಸ್ ಕಂಡಕ್ಟರರಿಗೆ, ತಹಸೀಲ ಕಚೇರಿಯವರಿಗೆ ಆಗುವಂಥದ್ದು. ಅವರಿಗೆ ಶಾಲು ಹೊದಿಸುತ್ತಾರೆ, ಭಾಷಣ ಮಾಡುತ್ತಾರೆ. ಲಟ್ಟಣಿಗೆ, ಸೌಟು, ಶೇಂಗಾ ಹಿಂಡಿಯ ಚಟ್ನಿಪುಡಿಗಳನ್ನು ಬುಟ್ಟಿಯಲ್ಲಿ ಜೋಡಿಸಿ, ಪ್ಲಾಸ್ಟಿಕ್ ಹೊದಿಸಿ, ಬಿಸಿಗಾಳಿ ಊದುವವಳಿಗೆ ಎಂಥ ನಿವೃತ್ತಿ? ಪಕ್ಕದ ಮನೆಯ ಗುಂಡಮ್ಮ ಕೇಳಿಯೇ ಬಿಟ್ಟಳು: "ಕಾಶಿಬಾಯಿ, ನಿಂಗ ಪಿಂಚಣಿ ಏನ್ ಕೊಡ್ತಾರ? ತಿಂಗಳಿಗೊಂದ್ ಸೌಟೇನು?"

ಆದರೂ ಬರೆಯುತ್ತಿದ್ದೇನೆ. ನಾನು ಬಿಟ್ಟ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಎಲ್ಲಾ ಕಲಿತಿದ್ದೇವೆ ಎನ್ನುತ್ತಾರೆ. ಆ ವಿಡಿಯೊಗಳನ್ನು ನಾನೂ ನೋಡಿದೆ. ಅವುಗಳಲ್ಲಿ ಪ್ರತಿ ಬುಟ್ಟಿಯೂ ಒಂದೇ ಸಲಕ್ಕೆ ಸರಿಯಾಗಿ ಬರುತ್ತದೆ. ಯಾರ ಬೆರಳೂ ಸುಡುವುದಿಲ್ಲ, ಯಾವ ಬೀಗತಿಯೂ ಸಿಟ್ಟಾಗುವುದಿಲ್ಲ. ಹಾಗಾಗಿ ವಿಡಿಯೊದಲ್ಲಿ ಇಲ್ಲದ್ದನ್ನು ಹೇಳುವುದು ನನ್ನ ಪಾಲಿಗೆ ಬಂದಿದೆ.

ನಾನು ಸೇರಿದ್ದು ಆಳಂದದಲ್ಲಿ, ನೀಲಮ್ಮ ಅಕ್ಕೋರ ಮನೆಯ ಪಡಸಾಲೆಯಲ್ಲಿ. ಅಕ್ಕೋರು ಶಾಲೆಯಲ್ಲಿ ಗಣಿತ ಕಲಿಸಿ ಬಿಟ್ಟವರು. ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಪಡಸಾಲೆಗೆ ಗಂಟೆ ಕಟ್ಟಿದ್ದರು. ತಡವಾಗಿ ಬಂದರೆ ಬಾಗಿಲ ಹೊರಗೆ ನಿಲ್ಲಬೇಕು. ಮದುವೆ, ಬಸುರಿಯರ ಕುಬಸ, ಹೊಸ ಮನೆಯ ಒಕ್ಕಲು, ಯಾವುದೇ ಕಾರ್ಯಕ್ಕೆ ಕೊಡುವಂಥ ಅಡುಗೆಮನೆ ಬುಟ್ಟಿ ನಮ್ಮ ಕಸುಬು. ನಾವೇ ಕುಟ್ಟಿದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಸಾಲೆ ಖಾರ, ಕಟಕ ರೊಟ್ಟಿ, ತೊಗರಿಬೇಳೆ, ಭೂಸನೂರ ಕಡೆಯ ಬೆಲ್ಲ, ಖಣದ ಬಟ್ಟೆಯಲ್ಲಿ ಹೊಲಿದ ಕೈಅರಿವೆ, ಒಂದು ಲಟ್ಟಣಿಗೆ, ಒಂದು ಸೌಟು, ಒಂದು ಮಸಾಲೆ ಡಬ್ಬಿ. ಬಿದಿರ ಬುಟ್ಟಿಗಳು ಮಟಕಿ ಎಂಬ ಊರಿಂದ ಬರುತ್ತಿದ್ದವು.

ಮೊದಲ ದಿನ ಅಕ್ಕೋರು ನನ್ನನ್ನು ನೆಲದ ಮೇಲೆ ಕೂರಿಸಿ ಪಾಠ ಹೇಳಿದರು.

"ನೋಡಬೇ ಕಾಶಿ, ಬುಟ್ಟಿ ಅಂದ್ರ ಫೋಟೊಕ್ಕ ನಿಂತ ಮನಿ ಮಂದಿ ಇದ್ದಂಗ. ಉದ್ದಾನವು ಹಿಂದ, ಗಿಡ್ಡನವು ಮುಂದ, ಭಾರದವು ಬುಡಕ್ಕ, ಮುರಿಯೂವು ಮ್ಯಾಲ. ತಿಳೀತೇನು?"

"ತಿಳೀತ್ರಿ ಅಕ್ಕೋರ."

ತಿಳಿದಿರಲಿಲ್ಲ. ರೊಟ್ಟಿಯನ್ನು ಬುಡಕ್ಕಿಟ್ಟು ಅದರ ಮೇಲೆ ಬೆಲ್ಲದ ಪೆಂಟೆ ಇಟ್ಟೆ. ಪಡಸಾಲೆಯಲ್ಲಿ ಪಟಪಟ ಸದ್ದಾಯಿತು. ಅಕ್ಕೋರು ತಲೆ ಎತ್ತಲಿಲ್ಲ. "ಇವತ್ತ ನಿಂಗ ಊಟಕ್ಕ ರೊಟ್ಟಿ ನುಚ್ಚು," ಎಂದಷ್ಟೇ ಹೇಳಿದರು. ಮೂರು ದಿನ ಅದನ್ನೇ ಉಂಡೆ.

ಆಗ ನಾವು ಬುಟ್ಟಿಗೆ ಝಗಝಗ ಕಾಗದ ಸುತ್ತಿ ರಿಬ್ಬನ್ ಕಟ್ಟುತ್ತಿದ್ದೆವು. ಆಳಂದದಿಂದ ಅಫಜಲಪುರ ಮುಟ್ಟುವಷ್ಟರಲ್ಲಿ ಕಾಗದ ಹರಿದು ಸೌಟು ಹೊರಗೆ ಇಣುಕುತ್ತಿತ್ತು. ಒಂದು ದಿನ ಅಕ್ಕೋರು ಕಲಬುರಗಿಯಿಂದ ಹೊಸ ತರಹದ ಪ್ಲಾಸ್ಟಿಕ್ ಸುರುಳಿ ತಂದರು. ಬಿಸಿ ತಾಗಿದರೆ ಅದು ಕುಗ್ಗಿ ಸಾಮಾನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ನಮ್ಮ ನಾಲಿಗೆ ತಿರುಗಲಿಲ್ಲ. ಕುಗ್ಗುಹಾಳಿ ಎಂದು ಕರೆದೆವು. ಇವತ್ತಿಗೂ ಹಾಗೆಯೇ ಕರೆಯುತ್ತೇವೆ.

ಹಾಳಿ ಬಂತು, ಬಿಸಿ ಮಾಡುವ ಮಷೀನು ಬರಲಿಲ್ಲ. ಆಗ ನನ್ನ ಜೊತೆ ಕೆಲಸಕ್ಕಿದ್ದವಳು ರಜಿಯಾ. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಇಪ್ಪತ್ತು ವರ್ಷ ದೊಡ್ಡದು. ಅವಳು ಎದುರಿನ ಬ್ಯೂಟಿ ಪಾರ್ಲರಿಗೆ ಓಡಿಹೋಗಿ ಕೂದಲು ಒಣಗಿಸುವ ಮಷೀನು ಕಡ ತಂದಳು. ಅದರಿಂದ ಊದಿದೆವು, ಊದಿದೆವು, ಊದಿದೆವು. ಒಂದು ಬುಟ್ಟಿಯ ಅರ್ಧ ಹಾಳಿ ಕುಗ್ಗುವಷ್ಟರಲ್ಲಿ ಮಷೀನಿನಿಂದ ಹೊಗೆ ಬಂದು ಅದು ಕಣ್ಣು ಮುಚ್ಚಿತು. ಅದೇ ಹೊತ್ತಿಗೆ ಪಾರ್ಲರಿನ ಬಾಗಿಲಲ್ಲಿ ಒಬ್ಬಳು ಮದುಮಗಳು ಬಂದು ನಿಂತಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಮಷೀನ ಎಲ್ಲದರಿ?" ಎಂದು ಪಾರ್ಲರಿನವಳು ಅವಳ ಹಿಂದಿನಿಂದ ಕೂಗಿದಳು.

ರಜಿಯಾ ಎದ್ದು ಮಟಕಿಯಿಂದ ಬಂದ ಹೊಸ ಮೊರವೊಂದನ್ನು ತೆಗೆದುಕೊಂಡು ರಸ್ತೆ ದಾಟಿದಳು. ಬಿಸಿಲಿಗೆ ಬೆನ್ನು ಮಾಡಿ ಮದುಮಗಳನ್ನು ಕೂರಿಸಿ, ಮೊರದಿಂದ ಗಾಳಿ ಬೀಸಿ ಕೂದಲು ಒಣಗಿಸಿ ಬಂದಳು. ಮರುವಾರ ಅಕ್ಕೋರು ಪಾರ್ಲರಿಗೆ ಹೊಸ ಮಷೀನು ಕೊಡಿಸಿ, ನಮಗೆ ನಿಜವಾದ ಬಿಸಿಗಾಳಿ ಪಿಸ್ತೂಲು ತರಿಸಿದರು.

ಪಿಸ್ತೂಲು ಬಂದ ಮೇಲೆ ಬೇರೆ ಅನಾಹುತ. ಹಾಳಿ ಸುತ್ತಿ ಅಂಚು ಬೆಸೆದ ಮೇಲೆ ಸೂಜಿಯಿಂದ ಎರಡು ಸಣ್ಣ ತೂತು ಮಾಡಬೇಕು. ಒಳಗಿನ ಗಾಳಿ ಹೊರಗೆ ಹೋದರೆ ಮಾತ್ರ ಹಾಳಿ ಸಾಮಾನಿಗೆ ಅಂಟುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ರಜಿಯಾ ಊದಿದ ಮೊದಲ ಬುಟ್ಟಿ ಕುಗ್ಗುವ ಬದಲು ಉಬ್ಬಿತು. ಉಬ್ಬಿ ಉಬ್ಬಿ ದಿನ ತುಂಬಿದ ಬಸುರಿಯ ಹಾಗೆ ಆಯಿತು.

"ಯಾ ಅಲ್ಲಾ! ಕಾಶಕ್ಕ, ಇದಕ್ಕ ಗ್ಯಾಸ್ ಆಗ್ಯಾದ!" ಎಂದು ಕಿರುಚಿದಳು.

ಅಕ್ಕೋರು ಕನ್ನಡಕ ಏರಿಸಿ ನೋಡಿದರು. "ಬುಟ್ಟಿಗಿ ಅಜವಾನ ನೀರ ಕುಡಸಬೇಕೇನ್ಬೇ?" ಎನ್ನುವಷ್ಟರಲ್ಲಿ ಬುಟ್ಟಿ ಢಬ್ ಎಂದು ಒಡೆಯಿತು. ಒಂದು ಪಾಕೀಟಿನ ಬಾಯಿ ಸಡಿಲವಿತ್ತು ಎಂದು ಕಾಣುತ್ತದೆ, ಮಸಾಲೆ ಖಾರ ಪಡಸಾಲೆಯ ತುಂಬ ಹಾರಿತು. ಮೂವರೂ ಸೀನುತ್ತಾ ಅಂಗಳಕ್ಕೆ ಬಂದೆವು. ಸೀನಿನ ನಡುನಡುವೆಯೇ ಅಕ್ಕೋರು ಲೆಕ್ಕ ಬಿಡಿಸಿದರು: "ಒಳಗ ಗಾಳಿ... ಆಕ್ಷೀ... ಬಿಸಿ ಆದ್ರ... ಆಕ್ಷೀ... ಹಿಗ್ಗತದ. ತೂತ ಹಾಕಬೇಕ್ಬೇ, ತೂತ!" ಹೀಗೆ ನಮಗೆ ವಿಜ್ಞಾನ ತಿಳಿಯಿತು. ಹುಡುಗಿಯರೇ, ಸೂಜಿ ಮರೆಯಬೇಡಿ.

ಇನ್ನು ನನ್ನ ದೊಡ್ಡ ತಪ್ಪು. ಅದು ಆದದ್ದು ಜೇವರ್ಗಿಯ ಒಂದು ಮನೆ ಒಕ್ಕಲಿನ ಬುಟ್ಟಿಯಲ್ಲಿ. ಮಸಾಲೆ ಡಬ್ಬಿಗಳನ್ನೂ ನನ್ನ ಊಟದ ಡಬ್ಬಿಯನ್ನೂ ಕೊಂಡದ್ದು ಒಂದೇ ಅಂಗಡಿಯಲ್ಲಿ. ಅಳತೆ ಒಂದೇ, ಹೊಳಪು ಒಂದೇ. ವ್ಯತ್ಯಾಸವೆಂದರೆ ನನ್ನದರ ಮೇಲೆ ನಮ್ಮವ್ವ "ಕಾಶಿಬಾಯಿ" ಎಂದು ಹೆಸರು ಹಾಕಿಸಿದ್ದಳು. ಬುಟ್ಟಿಗಳನ್ನು ಮುಂಜಾನೆಯೇ ಟೆಂಪೋಗೆ ಏರಿಸಿ ಕಳಿಸಿದೆವು. ಮಧ್ಯಾಹ್ನ ನಾನು ಊಟಕ್ಕೆ ಕುಳಿತು ಡಬ್ಬಿಯ ಮುಚ್ಚಳ ತೆಗೆದರೆ ಏಳು ಬಟ್ಟಲುಗಳಲ್ಲಿ ಸಾಸಿವೆ, ಜೀರಿಗೆ, ಅರಿಶಿನ, ಲವಂಗ ನನ್ನನ್ನೇ ನೋಡುತ್ತಿದ್ದವು.

ರಜಿಯಾ ಬಗ್ಗಿ ನೋಡಿದಳು. "ಇವತ್ತ ಬರೇ ವಗ್ಗರಣಿ ಉಣ್ತೀಯೇನ ಕಾಶಕ್ಕ?"

ನನ್ನ ಪುಂಡಿಪಲ್ಯ, ಎರಡು ಮೆತ್ತನೆ ರೊಟ್ಟಿ, ಕಚ್ಚಿಬಿಟ್ಟ ಅರ್ಧ ಹಸಿಮೆಣಸಿನಕಾಯಿ, ಎಲ್ಲಾ ರಿಬ್ಬನ್ ಕಟ್ಟಿಕೊಂಡು ಜೇವರ್ಗಿಗೆ ಹೋಗಿದ್ದವು. ಅಕ್ಕೋರಿಗೆ ಹೇಳಲು ಧೈರ್ಯ ಬರಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ. ಮರುದಿನ ಅಕ್ಕೋರಿಗೆ ಫೋನು ಬಂತು ನೋಡಿ, ನನ್ನ ಕೈಯಲ್ಲಿದ್ದ ಸೌಟು ಬಿತ್ತು. ಅತ್ತಲಿಂದ ಜೇವರ್ಗಿಯ ಗಿರಾಕಿ ಹೆಣ್ಣುಮಗಳ ಮಾತು ನಮಗೂ ಕೇಳುತ್ತಿತ್ತು.

"ಅಕ್ಕೋರ, ಆ ಕಾಶಿಬಾಯಿ ಅನ್ನೂ ಕಂಪನಿ ಯಾವೂರಂದ್ರಿ?"

ಅಕ್ಕೋರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಯಾಕ್ರಿ, ಏನಾತು?"

"ಏನಿಲ್ರಿ, ಅವರ ಪುಂಡಿಪಲ್ಯ ಭಾಳ ಛೊಲೊ ಅದರಿ. ನಮ್ಮ ಮನಿಯವರು ಡಬ್ಬಿ ನೆಕ್ಕ್ಯಾರ. ನಮ್ಮ ತಂಗಿ ಮನಿ ಒಕ್ಕಲಿಗೂ ಒಂದ್ ಆರ ಕಾಶಿಬಾಯಿ ಕಳಸ್ರಿ."

ಅಕ್ಕೋರು ಜೀವನದಲ್ಲಿ ಸುಳ್ಳು ಹೇಳಿದವರಲ್ಲ. ಅವತ್ತೂ ಹೇಳಲಿಲ್ಲ. "ಆ ಕಂಪನಿಯಾಗ ಒಬ್ಬಾಕಿನೇ ಇದ್ದಾಳ್ರಿ, ಆಕಿಗಿ ತಲಿ ಸ್ವಲ್ಪ ಕಮ್ಮಿ. ಆದ್ರ ಕೈ ಛೊಲೊ ಅದ. ಕಳಸ್ತೀನ್ರಿ," ಎಂದರು. ಆ ಆರು ಡಬ್ಬಿ ಪಲ್ಯವನ್ನು ನಾನೇ ಮಾಡಿ, ನಾನೇ ಬಸ್ಸಿನಲ್ಲಿ ಒಯ್ದು, ಹಳಸುವ ಮೊದಲು ಮುಟ್ಟಿಸಿ ಬಂದೆ. ಅವರು ನನ್ನ ಮೊದಲ ಡಬ್ಬಿಯನ್ನು ತೊಳೆದು ತಿರುಗಿ ಕೊಟ್ಟರು. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ಸಕ್ಕರೆ ಹಾಕಿದ್ದರು. ಮನೆಯ ಯಜಮಾನರು ನನ್ನನ್ನು ಹಾದಿಯಲ್ಲಿ ನಿಲ್ಲಿಸಿ, "ನಿಮ್ಮ ಕಂಪನಿ ಮಾಲಕಿನ್ ಗೆ ನಮಸ್ಕಾರ ಹೇಳ್ರಿ," ಎಂದರು. ಹೇಳುತ್ತೇನೆ ಎಂದೆ. ಆದರೆ ಅಂದಿನಿಂದ ಹಳಸುವ ಪದಾರ್ಥವನ್ನು ಬುಟ್ಟಿಗೆ ಹಾಕಬಾರದೆಂದು ಅಕ್ಕೋರು ಗೋಡೆಗೆ ಬರೆಸಿದರು. ಕೆಳಗೆ, "ಸ್ವಂತ ಊಟವನ್ನೂ" ಎಂದು ಇನ್ನೊಂದು ಸಾಲು.

ಗಿರಾಕಿಗಳು ಎಂಥೆಂಥದ್ದನ್ನು ತರುತ್ತಿದ್ದರು ಎಂದು ಹೇಳಿದರೆ ನೀವು ನಂಬುವುದಿಲ್ಲ. ಅಫಜಲಪುರದಿಂದ ಒಬ್ಬ ಹಿರಿಯರು ಬಂದರು. ಬಿಳಿ ಧೋತರ, ಹೆಗಲ ಮೇಲೆ ಟಾವೆಲ್ಲು, ಜೊತೆಗೆ ತುಂಬಿದ ಗ್ಯಾಸ್ ಸಿಲಿಂಡರು.

"ಮಗಳಿಗಿ ಕೊಡೂದದರಿ. ಇದಕ್ಕೂ ನಿಮ್ಮ ಹಾಳಿ ಹಾಕ್ರಿ, ಮಿಂಚಬೇಕು."

ರಜಿಯಾ ಪಿಸ್ತೂಲನ್ನು ಕೆಳಗಿಟ್ಟು ನೇರ ರಸ್ತೆಗೆ ಹೋಗಿ ನಿಂತಳು. ನಾನು ಅವಳ ಹಿಂದೆ. ಅಕ್ಕೋರು ಮಾತ್ರ ಕುಳಿತಲ್ಲಿಂದ ಏಳದೆ, "ಕಾಕಾ, ಇದಕ್ಕ ಬಿಸಿಗಾಳಿ ಊದಿದ್ರ ನಾವೆಲ್ಲಾರೂ ಅಫಜಲಪುರಕ್ಕ ಟಿಕೇಟ ಇಲ್ದ ಮುಟ್ಟತೀವಿ," ಎಂದರು.

"ಅಡಿಗಿಮನಿ ಸಾಮಾನಲ್ಲೇನ್ರಿ ಇದು?"

"ಹೌದ್ರಿ. ಅಡಿಗಿಮನಿ ಇರಬೇಕಂದ್ರ ಇದಕ್ಕ ಹಾಳಿ ಹಾಕಬಾರ್ದ್ರಿ."

ಕೊನೆಗೆ ಸಿಲಿಂಡರಿನ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿ, ಹೂ ಮಾಡಿ ಕಳಿಸಿದೆವು. ಕಾಕಾ ಅದನ್ನು ಮದುಮಗನನ್ನು ಕರೆದೊಯ್ಯುವಂತೆ ತೋಳಿನಲ್ಲಿ ತಬ್ಬಿಕೊಂಡು ಹೋದರು.

ಈಗ ಮಣ್ಣೂರಿನ ಮದುವೆಯನ್ನು ಹೇಳುತ್ತೇನೆ. ಈ ಕೆಲಸದ ಹದಿನೆಂಟು ವರ್ಷದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಅದೊಂದೇ ಸಲ.

ಮಣ್ಣೂರಿನ ಹುಡುಗಿ, ಆಳಂದದ ಹುಡುಗ. ಒಂದು ದಿನ ಹುಡುಗಿಯ ತಾಯಿ ಶಾಂತಾಬಾಯಿ ಬಂದು, ಬೀಗತಿಗೆ ಕೊಡಲು ಒಂದು ಬುಟ್ಟಿ ಹೇಳಿ, ದನಿ ಸಣ್ಣ ಮಾಡಿದಳು: "ಅವರೂ ನಂಗ ಬುಟ್ಟಿ ತರ್ತಾರಂತ. ನಮ್ಮದು ಅವರದಕಿಂತ ದೊಡ್ಡದಿರಬೇಕ್ರಿ. ಹೆಣ್ಣಿನ ಕಡಿಯವರು ಕಮ್ಮಿ ಆದ್ರು ಅನಬಾರ್ದು." ಎರಡು ದಿನ ಬಿಟ್ಟು ಹುಡುಗನ ತಾಯಿ ಸುಭದ್ರಾಬಾಯಿ ಬಂದಳು. ಅವಳೂ ದನಿ ಸಣ್ಣ ಮಾಡಿದಳು: "ನಮ್ಮದು ಅವರದಕಿಂತ ದೊಡ್ಡದಿರಬೇಕ್ರಿ. ಗಂಡಿನ ಕಡಿಯವರು ಜಿಪುಣರು ಅನಬಾರ್ದು."

ಅಕ್ಕೋರು ಇಬ್ಬರಿಗೂ ಹೂಂ ಎಂದಿದ್ದರು. ನಾನು ಕೇಳಿದೆ: "ಅಕ್ಕೋರ, ಎರಡೂ ಒಂದಕ್ಕಿಂತ ಒಂದ್ ದೊಡ್ಡದು ಹ್ಯಾಂಗ ಆಗ್ತಾವರಿ?"

"ಒಂದು ಎತ್ತರ ಮಾಡು, ಒಂದು ಅಗಲ ಮಾಡು. ಗಣಿತ ಬೇ ಇದು."

ಗಣಿತ ನಮ್ಮ ಪಡಸಾಲೆಯಲ್ಲಿ ಸರಿಯಾಗಿತ್ತು. ಮಣ್ಣೂರಿನ ಹಂದರದಲ್ಲಿ ತಪ್ಪಾಯಿತು. ನಾನು, ರಜಿಯಾ, ಅಕ್ಕೋರು ಬುಟ್ಟಿಗಳ ಜೊತೆಗೆ ಟಂಟಂನಲ್ಲಿ ಹೋಗಿದ್ದೆವು. ದಾರಿಯಲ್ಲಿ ಹಾಳಿ ಹರಿದರೆ ಇರಲಿ ಎಂದು ಪಿಸ್ತೂಲು, ದೊಡ್ಡ ಸುರುಳಿ ಎರಡೂ ಜೊತೆಗಿದ್ದವು. ಯಾರೋ ಪುಣ್ಯಾತ್ಮರು ಎರಡೂ ಬುಟ್ಟಿಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ನಮ್ಮದು ದೊಡ್ಡದದ," ಎಂದಳು ಶಾಂತಾಬಾಯಿ, ಎತ್ತರದ ಬುಟ್ಟಿ ತೋರಿಸಿ.

"ಎತ್ತರ ಇದ್ರ ದೊಡ್ಡದೇನ್ರಿ? ಹೊಟ್ಟಿ ನೋಡ್ರಿ ನಮ್ಮದರದು," ಎಂದಳು ಸುಭದ್ರಾಬಾಯಿ.

ಕಾಕಾಗಳು ಸೇರಿದರು, ಮಾಮಾಗಳು ಸೇರಿದರು. ಒಬ್ಬರು ಗೇಣಿನಲ್ಲಿ ಅಳೆದರು. ಇನ್ನೊಬ್ಬರು ಅವರ ಗೇಣು ಸಣ್ಣದು ಎಂದರು. ಅಡುಗೆಯವರ ತಕ್ಕಡಿ ಬಂತು, ಆದರೆ ಯಾವ ಬುಟ್ಟಿಯೂ ಅದರ ತಟ್ಟೆಯಲ್ಲಿ ಕೂರಲಿಲ್ಲ. ಮಾತು ಬೆಳೆಯಿತು. ಸುಭದ್ರಾಬಾಯಿ ಕಣ್ಣೊರೆಸಿಕೊಂಡು, "ಮಂದ್ಯಾಗ ನಮ್ಮ ಮಾರಿ ಸಣ್ಣದು ಮಾಡಿದ್ರಿ. ಏ, ಗಾಡಿ ಹಚ್ಚರಿ, ಹೋಗೋಣ," ಎಂದಳು. ಮುಹೂರ್ತದ ಅಕ್ಕಿಕಾಳು ಬೀಳಲು ಇನ್ನು ಸ್ವಲ್ಪವೇ ಹೊತ್ತಿತ್ತು. ಮದುವೆ ಮಾಡಿಸುವ ಐನೋರು ಗಡಿಯಾರ ನೋಡಿದರು. ಹಂದರದ ಕೆಳಗೆ ಮದುಮಗಳು ಬಾಸಿಂಗ ಕಟ್ಟಿಕೊಂಡು ಕುಳಿತವಳು ಅಳಲು ಶುರುಮಾಡಿದಳು. ಒಂದು ಸೌಟು, ಒಂದು ಲಟ್ಟಣಿಗೆ ಇಟ್ಟು ನಾನು ಕಟ್ಟಿದ ಬುಟ್ಟಿ ಒಂದು ಮದುವೆಯನ್ನು ಮುರಿಯುವುದರಲ್ಲಿತ್ತು. ಅಕ್ಕೋರ ಮುಖ ನೋಡಿದೆ. ಅವರು ಇನ್ನೂ ಬೆರಳು ಮಡಚಿ ಎತ್ತರ, ಅಗಲ ಗುಣಿಸುತ್ತಿದ್ದರು.

ಆಗ ರಜಿಯಾ ಜೋರಾಗಿ ನಕ್ಕುಬಿಟ್ಟಳು. ಎಲ್ಲರೂ ತಿರುಗಿ ನೋಡಿದರು.

"ಮಾಫ್ ಮಾಡ್ರಿ. ಹದಿನೆಂಟ್ ಮದವ್ಯಾಗ ಜಗಳಾ ನೋಡೀನ್ರಿ. ಎಲ್ಲಾರೂ ನಂಗ ಕಮ್ಮಿ ಕೊಟ್ರು ಅಂತ ಬಡದಾಡ್ತಾರ. ನೀವಿಬ್ರು ನಾ ಹೆಚ್ಚ ಕೊಟ್ಟೀನಿ, ನಾ ಹೆಚ್ಚ ಕೊಟ್ಟೀನಿ ಅಂತ ಬಡದಾಡಾಕತ್ತೀರಿ! ಇಂಥಾ ಬೀಗತೇರು ನಂಗೂ ಸಿಕ್ಕಿದ್ರ ಏನಾಗ್ತಿತ್ತು?"

ಯಾರೋ ಕಿಸಕ್ಕೆಂದರು. ಅದೇ ಸಂದಿನಲ್ಲಿ ನಾನು ಬಾಯಿ ಹಾಕಿದೆ. "ಅವ್ವಾರ, ಎರಡೂ ಬಿಚ್ಚಿ ಒಂದೇ ದೊಡ್ಡ ಬುಟ್ಟಿ ಮಾಡ್ತೇನ್ರಿ. ಅದನ್ನ ನಿಮ್ಮ ಮಕ್ಕಳಿಗಿ ಕೊಡ್ರಿ. ಅದಕಿಂತ ದೊಡ್ಡದು ಈ ತಾಲ್ಲೂಕಿನ್ಯಾಗ ಯಾರ್ದೂ ಇರೂದಿಲ್ರಿ."

ತಾಲ್ಲೂಕಿನಲ್ಲೇ ದೊಡ್ಡದು ಎಂಬ ಮಾತು ಇಬ್ಬರಿಗೂ ತಾಗಿತು. ಅಡುಗೆಯವರು ರೊಟ್ಟಿ ತುಂಬುವ ದೊಡ್ಡ ಬಿದಿರು ಬುಟ್ಟಿ ಕೊಟ್ಟರು. ನಾನು ಉದ್ದಾನವು ಹಿಂದೆ, ಗಿಡ್ಡನವು ಮುಂದೆ ಎಂದು ಎಲ್ಲವನ್ನೂ ಮತ್ತೆ ಜೋಡಿಸಿದೆ. ಹಾಳಿ ಸುತ್ತಿ, ಸೂಜಿ ಚುಚ್ಚಿ, ಪಿಸ್ತೂಲಿನ ಗುಂಡಿ ಒತ್ತಿದೆ. ಕರೆಂಟು ಹೋಯಿತು.

ಹಂದರದಲ್ಲಿ "ಹೋಽ" ಎಂಬ ಸದ್ದು. ಬಿಚ್ಚಿದ ಎರಡು ಬುಟ್ಟಿ, ಕುಗ್ಗದ ಒಂದು ಹಾಳಿ, ಗಾಡಿ ಹತ್ತಲು ತಯಾರಾಗಿ ನಿಂತ ಅರ್ಧ ದಿಬ್ಬಣ. ನಾನು ಸುತ್ತ ನೋಡಿದೆ. ಹುಗ್ಗಿ ಬೇಯಿಸಿದ ಒಲೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಕಬ್ಬಿಣದ ದೊಡ್ಡ ತಟ್ಟೆಯಲ್ಲಿ ಕೆಂಡ ಹರಡಿಸಿದೆ. ಬುಟ್ಟಿಯನ್ನು ಅದರ ಮೇಲೆ, ತಾಗದಷ್ಟು ಎತ್ತರದಲ್ಲಿ, ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

"ಬೀಗತೇರಾ, ನೀವ್ ಆ ಕಡಿ ಹಿಡೀರಿ. ನೀವ್ ಈ ಕಡಿ."

ಇಬ್ಬರೂ ರೇಶ್ಮಿ ಸೀರೆಯ ಸೆರಗು ಸಿಕ್ಕಿಸಿ ಹಿಡಿದರು. ಕೆಂಡದ ಮೇಲೆ ಬುಟ್ಟಿಗೆ ಆರತಿ ಎತ್ತಿದ ಹಾಗೆ ಕಾಣುತ್ತಿತ್ತು. ಹಾಳಿ ಸುರ್ ಎಂದು ಒಂದು ಕಡೆ ಬಿಗಿಯಿತು.

"ಇತ್ತಾಗ ತಿರುಗಸ್ರಿ," ಎಂದಳು ಶಾಂತಾಬಾಯಿ.

"ನೀವ ಸ್ವಲ್ಪ ಮ್ಯಾಲೆತ್ರಿ, ಸುಡತದ!"

"ಏ, ನಿಮ್ಮ ಸೆರಗ! ಸೆರಗ ಹಿಂದ ಹಾಕ್ರಿ ಮೊದಲ!"

ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಇಬ್ಬರ ಮೂಗಿನ ಮೇಲೂ ಮಸಿ. ಸುಭದ್ರಾಬಾಯಿ ತನ್ನ ಮೂಗು ಒರೆಸಿಕೊಳ್ಳಲು ಕೈ ಖಾಲಿ ಇಲ್ಲದೆ ಒದ್ದಾಡುವುದನ್ನು ಕಂಡು ಶಾಂತಾಬಾಯಿ ಮೊಣಕೈಯಿಂದ ಒರೆಸಲು ಹೋಗಿ ಮಸಿಯನ್ನು ಕೆನ್ನೆಗೂ ಹಚ್ಚಿದಳು. ಅಲ್ಲಿಗೆ ಇಬ್ಬರಿಗೂ ನಗು ಬಂತು. ನಗುವಿಗೆ ಬುಟ್ಟಿ ಅಲ್ಲಾಡಿತು, ಹಾಳಿಯಲ್ಲಿ ಒಂದು ತೂತು ಬಿದ್ದು ಲಟ್ಟಣಿಗೆಯ ತುದಿ ಹೊರಬಂತು. ರಜಿಯಾ ಅದರ ಮೇಲೆ ರಿಬ್ಬನ್ನಿನ ಹೂ ಕಟ್ಟಿ, "ಫ್ಯಾಶನ್ ರೀ ಇದು," ಎಂದಳು.

ಐನೋರು ಕೂಗಿದರು, ಓಡಿದೆವು, ಅಕ್ಕಿಕಾಳು ಬಿತ್ತು. ಮದುಮಕ್ಕಳ ಇಬ್ಬರು ಅವ್ವಂದಿರೂ ಮಸಿ ಮೋರೆಯಲ್ಲೇ ಫೋಟೊದಲ್ಲಿ ನಿಂತಿದ್ದಾರೆ.

ಇನ್ನೊಂದು ತೊಂದರೆ ಉಳಿದಿತ್ತು. ಬುಟ್ಟಿ ಕಾರಿನ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ಹೇಗೋ ತುರುಕಿದರು. ಅದರ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ಜಾಗ ಉಳಿಯಿತು. ಅಲ್ಲಿ ಮದುಮಗಳು ಕುಳಿತಳು. ಮುಂದಿನ ಸೀಟಿನಲ್ಲಿ ಸುಭದ್ರಾಬಾಯಿ ಆಗಲೇ ಕುಳಿತಾಗಿತ್ತು, ಏಳುವವಳಲ್ಲ. ಮದುಮಗ ಬಾಸಿಂಗ ಕಟ್ಟಿಕೊಂಡು ಆಳಂದದವರೆಗೆ ನಮ್ಮ ಟಂಟಂನಲ್ಲಿ, ನನ್ನ ಮತ್ತು ರಜಿಯಾಳ ನಡುವೆ ಕುಳಿತು ಬಂದ. ಪಾಪ, ಒಳ್ಳೆಯ ಹುಡುಗ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿದ: "ಮೌಶಿ, ಆ ಬುಟ್ಟಿ ಬಿಚ್ಚಬೇಕಂದ್ರ ಎಷ್ಟ್ ಮಂದಿ ಬೇಕ್ರಿ?"

ಇಂಥ ಕೆಲಸವನ್ನು ನಾನು ಬಿಟ್ಟದ್ದು ಬೆರಳುಗಳಿಂದಾಗಿ. ವರ್ಷಗಟ್ಟಲೆ ಬಿಸಿ ತಾಗಿ ತಾಗಿ ಬೆರಳ ತುದಿಗೆ ಬಿಸಿಯೇ ತಿಳಿಯದಂತಾಯಿತು. ಹಾಳಿ ಸುಟ್ಟ ಮೇಲೆ ಮೂಗಿಗೆ ಗೊತ್ತಾಗುತ್ತಿತ್ತು. ಮೂಗಿನಿಂದ ಕೆಲಸ ಮಾಡಲು ಆಗುವುದಿಲ್ಲ. ನಾನೇ ಹೋಗಿ ಅಕ್ಕೋರಿಗೆ ಹೇಳಿದೆ. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ. ಹೂಂ ಎಂದರು.

ಕೊನೆಯ ದಿನ ನಾನು ಒಂದೇ ಬುಟ್ಟಿ ಕಟ್ಟಿದೆ. ಸಣ್ಣದು, ಕುಬಸಕ್ಕೆ ಹೋಗುವಂಥದ್ದು. ಸೂಜಿ ಚುಚ್ಚಿ, ಮೆಲ್ಲಗೆ ಊದಿ, ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಅಕ್ಕೋರು ಎದುರು ಕುಳಿತು ಕನ್ನಡಕ ಏರಿಸಿ, ಹಾಳಿಯ ಒಂದೊಂದು ಇಂಚನ್ನೂ ನೋಡುತ್ತಾ ಬಂದು ಒಂದು ಕಡೆ ಕಣ್ಣು ನಿಲ್ಲಿಸಿದರು.

"ಇಲ್ಲಿ ನೋಡ್ಬೇ ಕಾಶಿ. ಭಾಳ ಸುಕ್ಕ ಉಳದಾವ."

ನಾನೂ ಬಗ್ಗಿ ನೋಡಿದೆ. ಹಾಳಿ ಕನ್ನಡಿಯ ಹಾಗೆ ನಯವಾಗಿತ್ತು.

"ಅಕ್ಕೋರ, ಅದು ಹಾಳಿ ಅಲ್ರಿ. ಅದರ ಹಿಂದ ನನ್ನ ಕೈ ಅದರಿ."

ಅಕ್ಕೋರು ಬಗ್ಗಿ ಆ ಕೈಯನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಹಂಗಾದ್ರ ನಡೀತದ," ಎಂದರು. "ಗಾಡಿಗಿ ಇಡು."